ಪುಟ ಅವರದು, ಓದುವ ಕಣ್ಣು ನಮ್ಮದು

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಿಂದ ಈ ಮಾತುಗಳನ್ನು ಆಡುತ್ತಿದ್ದೇನೆ. ಅಕ್ಷರದ ಬಗೆಗೆ ಮಾತನಾಡಲು ಇದಕ್ಕಿಂತ ತಕ್ಕ ಜಾಗ ಸಿಗಲಾರದು. ಇಲ್ಲಿಗೆ ಹತ್ತಿರದ ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕವಿರಾಜಮಾರ್ಗವು ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅಲ್ಲಿಯ ದೇವಾಲಯಗಳ ಶಾಸನಗಳಲ್ಲಿ ಅಕ್ಷರ ಕಲ್ಲಿನ ಮೇಲಿದೆ. ಇತ್ತ ಗದಗ-ಬೆಟಗೇರಿಯನ್ನು ‘ಮುದ್ರಣ ಕಾಶಿ’ ಎಂದು ಕರೆಯುತ್ತಾರೆ. ಅಲ್ಲಿ ಅಕ್ಷರ ಅಚ್ಚುಮೊಳೆಯಲ್ಲಿ ಬೆಳೆಯಿತು, ಕಾಗದದ ಮೇಲೆ ಕುಳಿತು ಊರೂರಿಗೆ ಹೋಯಿತು.

ಈ ಎರಡರಲ್ಲಿಯೂ ಒಂದು ಸಮಾನ ಅಂಶವಿದೆ. ಕಲ್ಲಿನಲ್ಲಿ ಕೊರೆದ ಅಕ್ಷರದ ಗಾತ್ರವನ್ನು ಓದುವವನು ಬದಲಿಸಲಾರ. ಕಾಗದದ ಮೇಲೆ ಅಚ್ಚಾದ ಅಕ್ಷರವನ್ನೂ ಬದಲಿಸಲಾರ. ಕಣ್ಣು ಮಂಜಾದರೆ ಕನ್ನಡಕ ಹಾಕಿಕೊಳ್ಳಬೇಕು, ಇಲ್ಲವೆ ಮೊಮ್ಮಗನನ್ನು ಕರೆದು ಓದಿಸಬೇಕು. ನಾನು ಕೆಲಸ ಮಾಡುವ ದೂರದರ್ಶನದ ಮಾತೂ ಇದೇ. ಪರದೆಯ ಕೆಳಗೆ ಹೆಸರೋ ಊರೋ ಬರುವಾಗ ಅಕ್ಷರ ಎಷ್ಟು ದೊಡ್ಡದಿರಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ನಿರ್ಧರಿಸುವವರು ನಾವು. ಮನೆಯಲ್ಲಿ ಕುಳಿತು ನೋಡುವವರು ಅದನ್ನು ಒಪ್ಪಿಕೊಳ್ಳಬೇಕು, ಅಷ್ಟೆ.

ಆದರೆ ಗಣಕಯಂತ್ರದ ಅಥವಾ ಮೊಬೈಲಿನ ಪರದೆಯ ಮೇಲೆ ತೆರೆದುಕೊಳ್ಳುವ ಅಂತರಜಾಲದ ಪುಟ ಹಾಗಲ್ಲ. ಅಲ್ಲಿ ಓದುಗನು ಅಕ್ಷರವನ್ನು ತನ್ನ ಕಣ್ಣಿಗೆ ಒಗ್ಗುವಂತೆ ಬದಲಿಸಿಕೊಳ್ಳಬಲ್ಲ. ಈ ಅನುಕೂಲ ಇದೆ ಎಂಬುದೇ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಇಂದಿನ ನನ್ನ ಮಾತಿನ ವಿಷಯ ಇದೇ: ಪುಟದ ಫಾಂಟ್ ಬದಲಿಸುವ, ಗಜಿಬಿಜಿ ವಿನ್ಯಾಸವನ್ನು ಸರಳಗೊಳಿಸುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳು, ಮತ್ತು ಅವುಗಳಿಂದ ಕನ್ನಡದ ವಿದ್ಯಾರ್ಥಿಗೆ ಆಗುವ ಪ್ರಯೋಜನ.

ಮೊದಲಿಗೆ ಪುಟ ಎಂದರೇನು ಎಂಬುದನ್ನು ನೋಡೋಣ. ನೀವು ಒಂದು ಜಾಲತಾಣವನ್ನು ತೆರೆದಾಗ ಅದು ಚಿತ್ರದಂತೆ ಇಡಿಯಾಗಿ ಬರುವುದಿಲ್ಲ. ಎರಡು ಬಗೆಯ ಸಾಮಗ್ರಿ ಬೇರೆ ಬೇರೆಯಾಗಿ ಬರುತ್ತದೆ. ಒಂದು, ಬರಹ: ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ ಎಂಬ ಗುರುತುಗಳೊಂದಿಗೆ. ಇನ್ನೊಂದು, ಅಲಂಕಾರದ ಸೂಚನೆ: ತಲೆಬರಹ ಕೆಂಪಾಗಿರಲಿ, ಪ್ಯಾರಾಗಳು ಇಂಥ ಫಾಂಟಿನಲ್ಲಿರಲಿ, ಸಾಲುಗಳ ನಡುವೆ ಇಷ್ಟು ಜಾಗವಿರಲಿ ಎಂಬ ನಿಯಮಗಳು. ಈ ಎರಡನ್ನೂ ಕೂಡಿಸಿ ಪರದೆಯ ಮೇಲೆ ಬಿಡಿಸುವ ಕೆಲಸ ಬ್ರೌಸರಿನದು. ಮದುವೆ ಮನೆಯಲ್ಲಿ ದವಸ ಒಬ್ಬರು ತರುತ್ತಾರೆ, ಹೀಗೆ ಹೀಗೆ ಅಡುಗೆ ಮಾಡಿ ಎಂದು ಇನ್ನೊಬ್ಬರು ಹೇಳುತ್ತಾರೆ, ಒಲೆಯ ಮುಂದೆ ನಿಲ್ಲುವವನು ಅಡುಗೆಯವನು. ಬ್ರೌಸರ್ ಆ ಅಡುಗೆಯವನಿದ್ದಂತೆ. ಮತ್ತು ಈ ಅಡುಗೆಯವನು ಇರುವುದು ನಿಮ್ಮ ಮನೆಯಲ್ಲಿ, ನಿಮ್ಮ ಯಂತ್ರದೊಳಗೆ. ಆದ್ದರಿಂದ ಉಪ್ಪು ಕಡಿಮೆ ಹಾಕು ಎಂದು ನೀವು ಹೇಳಿದರೆ ಅವನು ಕೇಳಲೇಬೇಕು.

ಇದು ಬರಿಯ ಹೋಲಿಕೆಯ ಮಾತಲ್ಲ. ಅಲಂಕಾರದ ನಿಯಮಗಳನ್ನು ಬರೆಯುವ ಭಾಷೆಗೆ ಸಿಎಸ್ಎಸ್ ಎಂದು ಹೆಸರು. ನಾರ್ವೆಯ ಹೋಕನ್ ವಿಯುಮ್ ಲೀ ಎಂಬವರು 1994ರ ಅಕ್ಟೋಬರಿನಲ್ಲಿ ಇದರ ಮೊದಲ ಪ್ರಸ್ತಾವವನ್ನು ಮುಂದಿಟ್ಟರು. 1996ರ ಡಿಸೆಂಬರಿನಲ್ಲಿ ಅದು ಅಧಿಕೃತ ಶಿಫಾರಸಾಗಿ ಹೊರಬಂತು. ಅದರಲ್ಲಿ ನಿಯಮ ಹಾಕುವ ಕೈಗಳು ಮೂರು. ಬ್ರೌಸರ್ ತಾನೇ ಇಟ್ಟುಕೊಂಡ ನಿಯಮ, ಪುಟದ ಕರ್ತೃವಿನ ನಿಯಮ, ಮತ್ತು ಓದುಗನ ನಿಯಮ. ಸಾಮಾನ್ಯವಾಗಿ ಕರ್ತೃವಿನ ಮಾತು ಓದುಗನ ಮಾತಿಗಿಂತ ಮೇಲು. ಆದರೆ ‘ಇದು ಮುಖ್ಯ’ ಎಂಬ ಗುರುತನ್ನು ಇಬ್ಬರೂ ತಮ್ಮ ನಿಯಮದ ಮುಂದೆ ಹಾಕಿದರೆ ಯಾರು ಗೆಲ್ಲಬೇಕು? ಮೊದಲ ಆವೃತ್ತಿಯಲ್ಲಿ ಕರ್ತೃವೇ ಗೆಲ್ಲುತ್ತಿದ್ದ. 1998ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಇದನ್ನು ತಿರುಗಿಸಲಾಯಿತು. ಇಬ್ಬರೂ ಮುಖ್ಯವೆಂದರೆ ಓದುಗನ ಮಾತೇ ಕೊನೆಯ ಮಾತು ಎಂದಾಯಿತು. ಕಣ್ಣಿನ ತೊಂದರೆ ಇರುವವರಿಗೆ ದೊಡ್ಡ ಅಕ್ಷರ, ಬೇರೆ ಬಣ್ಣ ಬೇಕಾಗುತ್ತದೆ, ಅದನ್ನು ತಡೆಯುವ ಹಕ್ಕು ಕರ್ತೃವಿಗೆ ಇರಬಾರದು ಎಂಬುದು ಇದರ ಹಿಂದಿನ ವಿಚಾರ. ಓದುಗನ ಹಕ್ಕೊಂದು ಹೀಗೆ ತಂತ್ರಜ್ಞಾನದ ನಿಯಮಾವಳಿಯೊಳಗೇ ಸೇರಿತು.

ಹಕ್ಕು ಬರೆಯಲ್ಪಟ್ಟಿದ್ದರೂ ಅದನ್ನು ಚಲಾಯಿಸುವುದು ಸುಲಭವಿರಲಿಲ್ಲ. ನಿಯಮವನ್ನು ಒಂದು ಕಡತದಲ್ಲಿ ಬರೆದು ಯಂತ್ರದ ಒಂದು ಮೂಲೆಯಲ್ಲಿ ಇಡಬೇಕಾಗಿತ್ತು. ಸಾಮಾನ್ಯ ಓದುಗರು ಅತ್ತ ಹೋಗಲಿಲ್ಲ. ಕಾಲಕ್ರಮದಲ್ಲಿ ಕೆಲವು ಬ್ರೌಸರುಗಳು ಆ ಅನುಕೂಲವನ್ನೇ ಕೈಬಿಟ್ಟವು. ಈ ತೆರವಾದ ಜಾಗಕ್ಕೆ ಬಂದವು ಎಕ್ಸ್‌ಟೆನ್ಷನ್‌ಗಳು.

ಎಕ್ಸ್‌ಟೆನ್ಷನ್ ಎಂದರೆ ಬ್ರೌಸರಿಗೆ ಹೊರಗಿನಿಂದ ಜೋಡಿಸುವ ಚಿಕ್ಕ ತಂತ್ರಾಂಶ. ಅದರೊಳಗೆ ಮೂರು ಸಂಗತಿಗಳಿರುತ್ತವೆ ಎಂದಿಟ್ಟುಕೊಳ್ಳಿ: ತಾನು ಯಾರು, ತನಗೆ ಯಾವ ಯಾವ ಅನುಮತಿ ಬೇಕು ಎಂದು ಹೇಳುವ ಒಂದು ಚೀಟಿ, ಪುಟದೊಳಗೆ ಇಳಿದು ಕೆಲಸ ಮಾಡುವ ಸೂಚನೆಗಳು, ಮತ್ತು ಪುಟಕ್ಕೆ ಸೇರಿಸಬೇಕಾದ ಅಲಂಕಾರದ ನಿಯಮಗಳು. ಪುಟ ತೆರೆದೊಡನೆ ಎಕ್ಸ್‌ಟೆನ್ಷನ್ ತನ್ನ ನಿಯಮವನ್ನು ಅದಕ್ಕೆ ಸೇರಿಸುತ್ತದೆ. ಜಾಲತಾಣದ ಮೂಲ ಪುಟ ಎಲ್ಲಿದೆಯೋ ಅಲ್ಲಿ ಹಾಗೆಯೇ ಇರುತ್ತದೆ. ಬದಲಾಗುವುದು ನಿಮ್ಮ ಪರದೆಯ ಮೇಲಿನ ಪ್ರತಿ ಮಾತ್ರ. ಗ್ರಂಥಾಲಯದ ಪುಸ್ತಕಕ್ಕೆ ಗೀಟು ಹಾಕಿದಂತಲ್ಲ ಇದು.

2005ರ ಸುಮಾರಿಗೆ ಫೈರ್‌ಫಾಕ್ಸ್ ಬ್ರೌಸರಿಗೆ ‘ಗ್ರೀಸ್‌ಮಂಕಿ’, ‘ಸ್ಟೈಲಿಶ್’ ಎಂಬ ಎಕ್ಸ್‌ಟೆನ್ಷನ್‌ಗಳು ಬಂದವು. ಮೊದಲನೆಯದು ಪುಟದ ನಡವಳಿಕೆಯನ್ನೂ, ಎರಡನೆಯದು ಪುಟದ ರೂಪವನ್ನೂ ಓದುಗನ ಇಚ್ಛೆಯಂತೆ ಬದಲಿಸುತ್ತಿದ್ದವು. 2009ರಲ್ಲಿ ಆರ್ಕ್90 ಎಂಬ ಸಂಸ್ಥೆ ‘ರೀಡಬಿಲಿಟಿ’ ಎಂಬ ಉಪಕರಣವನ್ನು ಹೊರತಂದಿತು. ಒಂದು ಗುಂಡಿ ಒತ್ತಿದರೆ ಜಾಹೀರಾತು, ಅಕ್ಕಪಕ್ಕದ ಪಟ್ಟಿಗಳು, ಮಿನುಗುವ ಚಿತ್ರಗಳು ಎಲ್ಲ ಮರೆಯಾಗಿ ಲೇಖನವೊಂದೇ ಉಳಿಯುತ್ತಿತ್ತು. ಮರುವರ್ಷವೇ, 2010ರಲ್ಲಿ, ಆಪಲ್ ಸಂಸ್ಥೆ ತನ್ನ ಸಫಾರಿ ಬ್ರೌಸರಿನೊಳಗೆ ಇಂಥದೇ ಓದುವ ನೋಟವನ್ನು ಸೇರಿಸಿತು. ಈಗ ಪ್ರಮುಖ ಬ್ರೌಸರುಗಳಲ್ಲಿ ಈ ಬಗೆಯ ನೋಟ ಒಂದಲ್ಲ ಒಂದು ಹೆಸರಿನಲ್ಲಿದೆ.

ಯಾವುದು ಲೇಖನ, ಯಾವುದು ಗದ್ದಲ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಸ್ವಾರಸ್ಯದ ಪ್ರಶ್ನೆ. ಯಂತ್ರಕ್ಕೆ ಅರ್ಥ ತಿಳಿಯುವುದಿಲ್ಲ. ಅದು ಅಂಕ ಹಾಕುತ್ತದೆ. ಪುಟದ ಪ್ರತಿ ಪ್ಯಾರಾವನ್ನು ನೋಡಿ, ಅದು ಉದ್ದವಾಗಿದ್ದರೆ ಅಂಕ, ಅದರಲ್ಲಿ ಅಲ್ಪವಿರಾಮಗಳು ಹೆಚ್ಚಿದ್ದರೆ ಅಂಕ. ನಿಜವಾದ ಗದ್ಯದಲ್ಲಿ ಅಲ್ಪವಿರಾಮ ಇರುತ್ತದೆ, ‘ಇಲ್ಲಿ ಒತ್ತಿರಿ’ ಎಂಬ ಗುಂಡಿಯಲ್ಲಿ ಇರುವುದಿಲ್ಲ. ಒಂದು ಭಾಗದ ಬಹುಪಾಲು ಪದಗಳು ಬೇರೆ ಪುಟಕ್ಕೆ ಒಯ್ಯುವ ಕೊಂಡಿಗಳೇ ಆಗಿದ್ದರೆ ಅಂಕ ಕಡಿತ. ಪ್ಯಾರಾಕ್ಕೆ ಬಂದ ಅಂಕವನ್ನು ಅದನ್ನು ಒಳಗೊಂಡ ದೊಡ್ಡ ಭಾಗಕ್ಕೂ ಸೇರಿಸುತ್ತ ಹೋಗಿ, ಹೆಚ್ಚು ಅಂಕ ಪಡೆದ ಭಾಗವನ್ನು ಲೇಖನವೆಂದು ಉಳಿಸಿಕೊಳ್ಳುತ್ತದೆ. ಸರಳವಾದ ಎಣಿಕೆ, ಆದರೆ ಬಹುತೇಕ ಕಡೆ ಸರಿಯಾದ ಫಲ. ಬಹುತೇಕ ಎಂದೆ, ಎಲ್ಲ ಕಡೆ ಎನ್ನಲಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಈಗ ಕನ್ನಡದ ಸಂಗತಿ. ಇಂಗ್ಲಿಷ್ ಓದುಗರಿಗೆ ಫಾಂಟ್ ಬದಲಿಸುವುದು ಹೆಚ್ಚಾಗಿ ಅಭಿರುಚಿಯ ಪ್ರಶ್ನೆ. ಕನ್ನಡದವರಿಗೆ ಅದು ಬಹುಕಾಲ ಓದಲು ಬರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಆಗಿತ್ತು.

ಗಣಕಯಂತ್ರಕ್ಕೆ ಅಕ್ಷರ ಎಂದರೆ ಒಂದು ಸಂಖ್ಯೆ. 1991ರಲ್ಲಿ ಬಂದ ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ಅದರಲ್ಲಿ ‘ಕ’ ಎಂದರೆ 3221. ‘ನ’ ಎಂದರೆ 3240. ‘ಕನ್ನಡ’ ಎಂಬ ಪದವನ್ನು ಯಂತ್ರವು ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಎಂಬ ಐದು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಎರಡನೆಯ ‘ನ’ವನ್ನು ಒತ್ತಾಗಿ ಕೆಳಗೆ ಇಳಿಸುವುದು ಫಾಂಟಿನ ಕೆಲಸ. ಆದರೆ ಯೂನಿಕೋಡ್ ನಮ್ಮ ಯಂತ್ರಗಳಲ್ಲಿ ನೆಲೆಗೊಳ್ಳುವ ಮೊದಲು, ತೊಂಬತ್ತರ ದಶಕದಲ್ಲಿ ಮತ್ತು ಅನಂತರವೂ, ಬೇರೊಂದು ಉಪಾಯ ಬಳಕೆಯಲ್ಲಿತ್ತು. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆಂದು ಇದ್ದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂಡಿಸುವುದು. ‘ನುಡಿ’ ಫಾಂಟಿನ ಹಳೆಯ ಕ್ರಮದಲ್ಲಿ ‘ಕ’ ಎಂದರೆ ಇಂಗ್ಲಿಷಿನ ‘ಪಿ’ ಅಕ್ಷರ ಮತ್ತು ತಲೆಯ ಮೇಲೆ ಓರೆಗೆರೆ ಹೊತ್ತ ಒಂದು ‘ಎ’. ಮೊದಲನೆಯದು ‘ಕ’ದ ಒಡಲು, ಎರಡನೆಯದು ತಲೆಕಟ್ಟು. ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಇವು ಸಾವಿರಾರು ಜನರ ಕೈಗೆ ಕನ್ನಡದ ಕೀಲಿಮಣೆಯನ್ನು ಕೊಟ್ಟವು. ಕಚೇರಿ, ಪತ್ರಿಕೆ, ಮುದ್ರಣಾಲಯಗಳಲ್ಲಿ ಕನ್ನಡ ನಿಂತದ್ದು ಅವುಗಳಿಂದ. ಆ ಉಪಕಾರವನ್ನು ಮರೆಯುವಂತಿಲ್ಲ.

ಆದರೆ ಜಾಲತಾಣದಲ್ಲಿ ಈ ಉಪಾಯ ತೊಡಕಾಯಿತು. ಆ ಫಾಂಟ್ ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಪರದೆಯ ಮೇಲೆ ಕಾಣುತ್ತಿದ್ದುದು ಕನ್ನಡವಲ್ಲ, ಟೋಪಿ ಗೀರುಗಳನ್ನು ಹೊತ್ತ ಅರ್ಥವಿಲ್ಲದ ಐರೋಪ್ಯ ಅಕ್ಷರಗಳ ಸಾಲು. ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟ್ ಬೇಕಾಗುತ್ತಿತ್ತು. ಪುಟದೊಂದಿಗೆ ಫಾಂಟನ್ನೂ ಕಳುಹಿಸುವ ‘ಡೈನಮಿಕ್ ಫಾಂಟ್’ ಕ್ರಮಗಳು ಬಂದವಾದರೂ ಒಂದು ಬ್ರೌಸರಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ನಷ್ಟವೊಂದಿತ್ತು. ಇಂಥ ಪುಟದಲ್ಲಿ ಕಪ್ಪತಗುಡ್ಡದ ಬಗೆಗೆ ಒಳ್ಳೆಯ ಲೇಖನವಿದ್ದರೂ ‘ಕಪ್ಪತಗುಡ್ಡ’ ಎಂದು ಹುಡುಕಿದರೆ ಅದು ಸಿಗುತ್ತಿರಲಿಲ್ಲ. ಯಂತ್ರದ ದೃಷ್ಟಿಯಲ್ಲಿ ಅಲ್ಲಿ ಕನ್ನಡವೇ ಇರಲಿಲ್ಲ!

ಈ ಹಂತದಲ್ಲಿ ನೆರವಾದವುಗಳಲ್ಲಿ ಎಕ್ಸ್‌ಟೆನ್ಷನ್‌ಗಳೂ ಸೇರಿವೆ. ‘ಪದ್ಮ’ ಎಂಬ ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್ ತೆಲುಗಿನಿಂದ ಆರಂಭಿಸಿ ಹಲವು ಭಾರತೀಯ ಭಾಷೆಗಳ ಹಳೆಯ ಫಾಂಟಿನ ಪುಟಗಳನ್ನು, ತೆರೆದ ಕ್ಷಣದಲ್ಲಿಯೇ ಯೂನಿಕೋಡಿಗೆ ಪರಿವರ್ತಿಸಿ ತೋರಿಸುತ್ತಿತ್ತು. ಇಲ್ಲಿ ಬದಲಾಗುತ್ತಿದ್ದುದು ಬರಿಯ ಅಲಂಕಾರವಲ್ಲ, ಒಳಗಿನ ಸಂಖ್ಯೆಗಳೇ. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ತನ್ನ ಹಳೆಯ ಮಾದರಿಯ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ನಿಲ್ಲಿಸಿತು. ಅಷ್ಟರಲ್ಲಿ ಬಹಳಷ್ಟು ಪತ್ರಿಕೆಗಳು ಯೂನಿಕೋಡಿಗೆ ಬಂದಿದ್ದವು. ಆದರೂ ಹಳೆಯ ಕಡತಗಳು ಇನ್ನೂ ಅಲ್ಲಲ್ಲಿ ಎದುರಾಗುತ್ತವೆ. ಅಂಥವನ್ನು ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಗೀರುಗಳ ಸಾಲು ಕಂಡೊಡನೆ ಪುಟ ಹಾಳಾಗಿದೆ ಎಂದು ಮುಚ್ಚಬೇಡಿ. ಅದು ಬೇರೆ ಸಂಕೇತದಲ್ಲಿರುವ ಕನ್ನಡವಾಗಿರಬಹುದು.

ಇಲ್ಲಿಯೇ ಒಂದು ಎಚ್ಚರಿಕೆ. ಫಾಂಟ್ ಬದಲಿಸುವ ಎಕ್ಸ್‌ಟೆನ್ಷನ್‌ನಲ್ಲಿ ಎಲ್ಲ ಪುಟಗಳಿಗೂ ಹಳೆಯ ಕ್ರಮದ ನುಡಿ ಅಥವಾ ಬರಹ ಫಾಂಟನ್ನು ಆರಿಸಿಟ್ಟರೆ ಏನಾಗುತ್ತದೆ ಬಲ್ಲಿರಾ? ಯೂನಿಕೋಡ್ ಕನ್ನಡಕ್ಕೆ ಅದರಲ್ಲಿ ಆಕಾರಗಳೇ ಇಲ್ಲವಾದ್ದರಿಂದ ಕನ್ನಡ ಬದಲಾಗುವುದಿಲ್ಲ. ಬದಲಾಗುವುದು ಇಂಗ್ಲಿಷ್! ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳು ಬಂದು ಕೂರುತ್ತವೆ, ಓದಿದರೆ ಅರ್ಥವಾಗುವುದಿಲ್ಲ. ಆದ್ದರಿಂದ ಯೂನಿಕೋಡ್ ಫಾಂಟನ್ನೇ ಆರಿಸಬೇಕು. ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ‘ತುಂಗಾ’, ಆಮೇಲೆ ಬಂದ ‘ನಿರ್ಮಲಾ’, ಮುಕ್ತವಾಗಿ ದೊರೆಯುವ ‘ಲೋಹಿತ್ ಕನ್ನಡ’, ‘ನೋಟೊ ಸಾನ್ಸ್ ಕನ್ನಡ’, ಅರವಿಂದ ವಿ.ಕೆ. ಅವರು ರೂಪಿಸಿದ ‘ಗುಬ್ಬಿ’ ಮತ್ತು ‘ನವಿಲು’, ‘ಬಾಲೂ ತಮ್ಮ’, ‘ಅನೇಕ್ ಕನ್ನಡ’, ‘ಬೆನ್ನೆ’, ಇವೆಲ್ಲ ಅಂಥವು. ನಮ್ಮ ನೆರೆಯ ‘ಹುಬ್ಬಳ್ಳಿ’ಯ ಹೆಸರಿನಲ್ಲಿಯೂ ಒಂದು ಫಾಂಟ್ ಇದೆ.

ಯೂನಿಕೋಡ್ ಬಂದ ಮೇಲೆ ತೊಂದರೆ ಮುಗಿಯಿತೇ? ಇಲ್ಲ. ಅಕ್ಷರ ಕಾಣುವುದು ಬೇರೆ, ಓದಲು ಹಿತವಾಗಿರುವುದು ಬೇರೆ. ‘ರಾಷ್ಟ್ರ’, ‘ಶಾಸ್ತ್ರ’, ‘ವಸ್ತ್ರ’ ಎಂಬ ಪದಗಳನ್ನು ನೋಡಿ. ಒಂದು ಅಕ್ಷರದ ಕೆಳಗೆ ಎರಡು ಒತ್ತುಗಳು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರದಲ್ಲಿ ಇವು ಹಿಡಿಸುವುದಿಲ್ಲ. ವಿನ್ಯಾಸಕನು ಇಂಗ್ಲಿಷ್ ಪುಟಕ್ಕೆ ಅಳತೆ ಹಾಕಿ, ಅದೇ ಅಳತೆಯಲ್ಲಿ ಕನ್ನಡವನ್ನು ತುಂಬಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗುಂಡಿಗಳೊಳಗೆ ಒತ್ತುಗಳು ಅರ್ಧಕ್ಕೆ ಕತ್ತರಿಸಿ ಹೋಗುತ್ತವೆ. ‘ಇದು ಮುಖ್ಯ’ ಎಂಬ ಗುರುತಿನೊಂದಿಗೆ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆಯಿಂದ ಒಂದು ಮುಕ್ಕಾಲು ಪಾಲಿಗೆ ಏರಿಸುವ ಒಂದೇ ಒಂದು ನಿಯಮ ಪುಟದ ಉಸಿರುಗಟ್ಟನ್ನು ಬಿಡಿಸುತ್ತದೆ.

ಎರಡನೆಯದು, ಎರಡೂ ಅಂಚು ಸಮವಾಗುವಂತೆ ಸಾಲನ್ನು ಎಳೆಯುವ ಅಭ್ಯಾಸ. ‘ಮಾಡಲಾಗುತ್ತಿರುವುದರಿಂದ’ ಎಂಬಂಥ ಉದ್ದ ಪದಗಳು ನಮ್ಮ ಭಾಷೆಯಲ್ಲಿ ಸಹಜ. ಮೊಬೈಲಿನ ಸಣ್ಣ ಪರದೆಯಲ್ಲಿ ಒಂದು ಸಾಲಿಗೆ ಎರಡು ಮೂರು ಪದ ಹಿಡಿದರೆ ಹೆಚ್ಚು. ಅದನ್ನು ಎರಡೂ ಅಂಚಿಗೆ ಎಳೆದರೆ ನಡುವೆ ಬಯಲು ಬೀಳುತ್ತದೆ, ಕಣ್ಣು ಎಡವುತ್ತದೆ. ಎಡ ಅಂಚಿಗೆ ಮಾತ್ರ ಸಾಲನ್ನು ಹೊಂದಿಸಿದರೆ ಓದು ಸರಾಗ. ಮೂರನೆಯದು ಓರೆ ಅಕ್ಷರ. ಇಂಗ್ಲಿಷಿನಲ್ಲಿ ಒತ್ತಿ ಹೇಳಲು ಓರೆ ಅಕ್ಷರ ಬಳಸುವ ಸಂಪ್ರದಾಯವಿದೆ, ಅದಕ್ಕೆಂದೇ ಕೆತ್ತಿದ ಅಕ್ಷರಗಳೂ ಇವೆ. ಕನ್ನಡಕ್ಕೆ ಆ ಸಂಪ್ರದಾಯವಿಲ್ಲ. ಫಾಂಟಿನಲ್ಲಿ ಓರೆ ರೂಪ ಇಲ್ಲದಿದ್ದಾಗ ಬ್ರೌಸರ್ ದುಂಡಗಿನ ಅಕ್ಷರವನ್ನೇ ಒಂದು ಪಕ್ಕಕ್ಕೆ ವಾಲಿಸಿಬಿಡುತ್ತದೆ. ಇದನ್ನೂ ಒಂದು ನಿಯಮದಿಂದ ನೇರಗೊಳಿಸಬಹುದು.

ನಾಲ್ಕನೆಯದು ಹಳಗನ್ನಡ ಓದುವ ಕಾಲೇಜು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ‘ಹಳಗನ್ನಡ’ ಎಂಬ ಪದವನ್ನು ಹಳಗನ್ನಡದಲ್ಲಿ ‘ಪೞಗನ್ನಡ’ ಎಂದು ಬರೆಯಬೇಕು. ‘ಪುಲಿಗೆರೆ’ಯನ್ನು ‘ಪುಲಿಗೆಱೆ’ ಎಂದು ಬರೆಯಬೇಕು. ಈ ‘ೞ’ ಮತ್ತು ‘ಱ’ ಎರಡಕ್ಕೂ ಯೂನಿಕೋಡಿನಲ್ಲಿ ಜಾಗವಿದೆ: 3294 ಮತ್ತು 3249. ಇಲ್ಲಿ ಒಂದು ಸೋಜಿಗ. ಯೂನಿಕೋಡಿನ ಪಟ್ಟಿಯಲ್ಲಿ ‘ೞ’ಕ್ಕೆ ತಪ್ಪಾಗಿ ‘ಫ’ ಎಂದು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ಕಟ್ಟಳೆ. ಹಾಗಾಗಿ ಹೆಸರು ತಪ್ಪಾಗಿಯೇ ಉಳಿದಿದೆ, ಪಕ್ಕದಲ್ಲಿ ಟಿಪ್ಪಣಿಯೊಂದು ಸೇರಿದೆ. ಹೆಸರು ಏನೇ ಇರಲಿ, ಫಾಂಟಿನಲ್ಲಿ ಆಕಾರ ಇರಬೇಕಾದದ್ದು ಮುಖ್ಯ. ನೀವು ಪಂಪನ ಪದ್ಯವನ್ನು ಪರದೆಯಲ್ಲಿ ತೆರೆದಾಗ ಈ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕ ಕಂಡರೆ ಪಂಪನ ತಪ್ಪಲ್ಲ, ಪುಟದ ತಪ್ಪೂ ಅಲ್ಲ. ಈ ಅಕ್ಷರಗಳಿರುವ ಫಾಂಟನ್ನು ಆರಿಸಿಕೊಳ್ಳಿ, ಚೌಕ ಅಕ್ಷರವಾಗುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ? ಒಬ್ಬ ಹುಡುಗಿ ವಿದ್ಯಾರ್ಥಿವೇತನದ ವಿವರಗಳನ್ನು ಕನ್ನಡದಲ್ಲಿ ಓದಲು ಪುಟ ತೆರೆಯುತ್ತಾಳೆ ಎಂದಿಟ್ಟುಕೊಳ್ಳಿ. ಅಕ್ಷರ ಇಕ್ಕಟ್ಟು, ಒತ್ತುಗಳು ಕತ್ತರಿಸಿವೆ, ಮೇಲೆ ಕೆಳಗೆ ಜಾಹೀರಾತು ಮಿನುಗುತ್ತಿದೆ. ಎರಡು ಸಾಲು ಓದಿ ಕಣ್ಣು ನೋಯುತ್ತದೆ. ಆಗ ಅವಳು ‘ಈ ಪುಟ ಸರಿಯಿಲ್ಲ’ ಎಂದುಕೊಳ್ಳುವುದಿಲ್ಲ. ‘ಕನ್ನಡದಲ್ಲಿ ಓದುವುದೇ ಕಷ್ಟ, ಇಂಗ್ಲಿಷ್ ಪುಟವೇ ವಾಸಿ’ ಎಂದುಕೊಳ್ಳುತ್ತಾಳೆ. ವಿನ್ಯಾಸಕನ ತಪ್ಪು ಭಾಷೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬಾರದ ಇನ್ನೊಬ್ಬಳು ‘ನನಗೆ ತಿಳಿಯುವುದಿಲ್ಲ’ ಎಂದು ಪುಟವನ್ನೇ ಮುಚ್ಚುತ್ತಾಳೆ. ಅರ್ಜಿಯ ಕೊನೆಯ ದಿನ ದಾಟಿಹೋಗುತ್ತದೆ. ಕರಿಹಲಗೆ ಕಾಣದ ಮಗುವನ್ನು ಗುರುಗಳು ಮುಂದಿನ ಸಾಲಿಗೆ ಕರೆದು ಕೂಡಿಸುತ್ತಾರೆ. ‘ನಿನಗೆ ಕಲಿಯಲು ಬಾರದು’ ಎಂದು ಮನೆಗೆ ಕಳುಹಿಸುವುದಿಲ್ಲ. ಪರದೆಯ ಮುಂದೆ ಕುಳಿತ ಮಗುವಿಗೆ ಮುಂದಿನ ಸಾಲನ್ನು ತಂದುಕೊಡುವ ಉಪಾಯ ಇದು.

ಜಗತ್ತೂ ಇದನ್ನು ಒಪ್ಪಿದೆ. ಅಂತರಜಾಲದ ಮಾನದಂಡಗಳನ್ನು ರೂಪಿಸುವ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಸುಗಮತೆಯ ಮಾರ್ಗಸೂಚಿಯಲ್ಲಿ ಒಂದು ನಿಯಮವಿದೆ. ಓದುಗನು ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟಿಗೆ, ಪ್ಯಾರಾಗಳ ನಡುವಣ ಜಾಗವನ್ನು ಎರಡು ಪಟ್ಟಿಗೆ ಏರಿಸಿಕೊಂಡರೂ ಪುಟದ ಯಾವ ವಿಷಯವೂ ಮರೆಯಾಗಬಾರದು, ಯಾವ ಗುಂಡಿಯೂ ಕೆಡಬಾರದು. ಎಂದರೆ, ಓದುಗ ಪುಟವನ್ನು ಬದಲಿಸುತ್ತಾನೆ ಎಂಬುದನ್ನು ಮೊದಲೇ ತಿಳಿದು ಪುಟ ಕಟ್ಟಬೇಕು. ನಿಮ್ಮಲ್ಲಿ ಮುಂದೆ ಎಂಜಿನಿಯರುಗಳಾಗುವವರು ಈ ಮಾತನ್ನು ನೆನಪಿಡಿ.

ಈಗ ಕೈಯಾರೆ ಮಾಡಿ ನೋಡುವ ಮೂರು ಮೆಟ್ಟಿಲುಗಳು. ಮೊದಲನೆಯ ಮೆಟ್ಟಿಲಿಗೆ ಯಾವ ಎಕ್ಸ್‌ಟೆನ್ಷನ್ನೂ ಬೇಡ. ಶಾಲೆಯ ಗಣಕಯಂತ್ರದಲ್ಲಿ ಫೈರ್‌ಫಾಕ್ಸ್ ಇದ್ದರೆ ಅದರ ಸೆಟ್ಟಿಂಗ್ಸಿನಲ್ಲಿ ಫಾಂಟಿನ ವಿಭಾಗಕ್ಕೆ ಹೋಗಿ. ಲಿಪಿಗಳ ಪಟ್ಟಿಯಲ್ಲಿ ಕನ್ನಡ ಎಂಬುದೂ ಇದೆ. ಅಲ್ಲಿ ಕನ್ನಡಕ್ಕೆ ಬೇಕಾದ ಫಾಂಟನ್ನೂ ಗಾತ್ರವನ್ನೂ ಆರಿಸಬಹುದು. ಪುಟಗಳು ತಮ್ಮದೇ ಫಾಂಟ್ ಬಳಸಲು ಬಿಡಬೇಕೇ ಬೇಡವೇ ಎಂಬುದನ್ನೂ ಅಲ್ಲಿಯೇ ಹೇಳಬಹುದು. ಬೇಡ ಎಂದರೆ ಕೆಲವು ಪುಟಗಳಲ್ಲಿ ಗುಂಡಿಗಳ ಮೇಲಿನ ಚಿಹ್ನೆಗಳು ಚೌಕಗಳಾಗಿ ಕಾಣಬಹುದು, ಏಕೆಂದರೆ ಆ ಚಿಹ್ನೆಗಳೂ ಒಂದು ಫಾಂಟಿನ ಅಕ್ಷರಗಳೇ ಆಗಿರುತ್ತವೆ. ಗಾಬರಿ ಬೇಡ, ಮತ್ತೆ ಹಿಂದಿನಂತೆ ಮಾಡಿದರೆ ಸರಿಹೋಗುತ್ತದೆ.

ಎರಡನೆಯ ಮೆಟ್ಟಿಲು ಓದುವ ನೋಟ. ಉದ್ದನೆಯ ಲೇಖನ ಓದುವಾಗ ಬ್ರೌಸರಿನಲ್ಲಿರುವ ಆ ಗುಂಡಿಯನ್ನು ಒತ್ತಿ. ಅಕ್ಷರದ ಗಾತ್ರ, ಹಿನ್ನೆಲೆಯ ಬಣ್ಣ ಆರಿಸಿಕೊಳ್ಳಿ. ಈ ಎರಡೂ ಸಾಲದೆ ಹೋದರೆ ಮಾತ್ರ ಮೂರನೆಯ ಮೆಟ್ಟಿಲಾದ ಎಕ್ಸ್‌ಟೆನ್ಷನ್. ‘ಸ್ಟೈಲಸ್’ ಎಂಬುದು ಅಂಥ ಒಂದು ಮುಕ್ತ ತಂತ್ರಾಂಶ. ಅದರಲ್ಲಿ ನಿಯಮ ಬರೆಯುವಾಗ 3200ರಿಂದ 3327ರವರೆಗಿನ ಅಕ್ಷರಗಳಿಗೆ ಮಾತ್ರ ಈ ಫಾಂಟ್ ಇರಲಿ ಎಂದೂ ಹೇಳಬಹುದು. ಆಗ ಕನ್ನಡ ಮಾತ್ರ ಬದಲಾಗುತ್ತದೆ, ಇಂಗ್ಲಿಷೂ ಚಿಹ್ನೆಗಳೂ ಇದ್ದಂತೆ ಇರುತ್ತವೆ. ಇದನ್ನು ನಿಮ್ಮ ಶಾಲೆಯ ವಿಜ್ಞಾನ ಸಂಘದ ಒಂದು ಪ್ರಯೋಗವನ್ನಾಗಿ ಮಾಡಬಹುದು. ಒಂದೇ ಲೇಖನವನ್ನು ಎರಡು ರೂಪದಲ್ಲಿ ಇಟ್ಟು, ಗೆಳೆಯರಿಂದ ಓದಿಸಿ, ಯಾವುದನ್ನು ಎಷ್ಟು ಹೊತ್ತಿನಲ್ಲಿ ಓದಿದರೆಂದು ಗಡಿಯಾರ ಹಿಡಿದು ಬರೆದುಕೊಳ್ಳಿ. ಮೊಬೈಲಿನವರಿಗೂ ದಾರಿಯಿದೆ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸಿನಲ್ಲಿ 2023ರ ಡಿಸೆಂಬರಿನಿಂದ ನೂರಾರು ಎಕ್ಸ್‌ಟೆನ್ಷನ್‌ಗಳು ದೊರೆಯುತ್ತಿವೆ. ಅದಿಲ್ಲದಿದ್ದರೂ ಅಕ್ಷರದ ಗಾತ್ರ ಹೆಚ್ಚಿಸುವ ಅನುಕೂಲ ಎಲ್ಲ ಫೋನುಗಳಲ್ಲಿಯೂ ಇದೆ.

ಒಂದು ವಿಷಯದಲ್ಲಿ ಇನ್ನೂ ಕೊರತೆಯಿದೆ. ಓದಿನಲ್ಲಿ ಅಕ್ಷರಗಳು ಕಲಸಿದಂತಾಗುವ ತೊಂದರೆಯುಳ್ಳ ಮಕ್ಕಳಿಗೆಂದು ‘ಓಪನ್‌ಡಿಸ್ಲೆಕ್ಸಿಕ್’ ಎಂಬ ಫಾಂಟನ್ನು ಹಾಕುವ ಎಕ್ಸ್‌ಟೆನ್ಷನ್‌ಗಳಿವೆ. ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ‘ಪ’ ಮತ್ತು ‘ಷ’, ‘ಬ’ ಮತ್ತು ‘ಭ’ ಒಂದು ಗೆರೆಯಿಂದ ಬೇರೆಯಾಗುವ ನಮ್ಮ ಲಿಪಿಯಲ್ಲಿ ಇಂಥ ಮಕ್ಕಳಿಗೆ ಯಾವ ಆಕಾರ ಅನುಕೂಲ ಎಂಬುದು ನಿಮ್ಮಂಥವರು ಕೈಗೆತ್ತಿಕೊಳ್ಳಬೇಕಾದ ಕೆಲಸ.

ಇನ್ನು ಎಚ್ಚರಿಕೆಯ ಮಾತು. ಎಕ್ಸ್‌ಟೆನ್ಷನ್ ಹಾಕಿಕೊಳ್ಳುವಾಗ ಬ್ರೌಸರ್ ಒಂದು ಮಾತು ಹೇಳುತ್ತದೆ: ನೀವು ನೋಡುವ ಎಲ್ಲ ಜಾಲತಾಣಗಳ ಮಾಹಿತಿಯನ್ನು ಓದುವ, ಬದಲಿಸುವ ಅನುಮತಿಯನ್ನು ಇದು ಕೇಳುತ್ತಿದೆ ಎಂದು. ಇದು ಬರಿಯ ಔಪಚಾರಿಕ ಮಾತಲ್ಲ. ಪುಟದ ಅಕ್ಷರ ಬದಲಿಸಬೇಕಾದರೆ ಪುಟದೊಳಗೆ ಇಳಿಯಲೇಬೇಕು. ಒಳಗೆ ಇಳಿದವನಿಗೆ ಎಲ್ಲವೂ ಕಾಣುತ್ತದೆ. ನಾನು ಮೊದಲು ಹೇಳಿದ ‘ಸ್ಟೈಲಿಶ್’ನ ಕಥೆಯೇ ಇದಕ್ಕೆ ಸಾಕ್ಷಿ. ಅದರ ಒಡೆತನ ಕೈಬದಲಾದ ಮೇಲೆ, ಬಳಕೆದಾರರು ಯಾವ ಯಾವ ಪುಟಗಳಿಗೆ ಹೋಗುತ್ತಾರೆ ಎಂಬ ವಿವರವನ್ನು ಅದು ತನ್ನ ಕೇಂದ್ರಕ್ಕೆ ಕಳುಹಿಸುತ್ತಿತ್ತು ಎಂಬುದನ್ನು 2018ರಲ್ಲಿ ರಾಬರ್ಟ್ ಹೀಟನ್ ಎಂಬ ತಂತ್ರಜ್ಞರು ಬಯಲಿಗೆ ತಂದರು. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಅದನ್ನು ತಮ್ಮ ಭಂಡಾರದಿಂದ ತೆಗೆದುಹಾಕಿದವು. ಆಮೇಲೆ ಅದು ಮರಳಿ ಬಂತಾದರೂ ಪಾಠ ಉಳಿಯಿತು. ಆದ್ದರಿಂದ ಬ್ರೌಸರಿನ ಅಧಿಕೃತ ಭಂಡಾರದಿಂದಲೇ ತೆಗೆದುಕೊಳ್ಳಿ. ಯಾರು ಮಾಡಿದ್ದು ಎಂದು ನೋಡಿ. ಎಲ್ಲ ಪುಟಗಳಿಗೆ ಅನುಮತಿ ಕೊಡುವ ಬದಲು, ಒತ್ತಿದಾಗ ಮಾತ್ರ ಅಥವಾ ಇಂಥ ತಾಣಕ್ಕೆ ಮಾತ್ರ ಎಂಬ ಆಯ್ಕೆ ಇದ್ದರೆ ಅದನ್ನು ಬಳಸಿ. ಬ್ಯಾಂಕಿನ ಪುಟ, ಪರೀಕ್ಷೆಯ ಅರ್ಜಿಯ ಪುಟಗಳಲ್ಲಿ ಇವು ನಿಂತಿರಲಿ. ಬಳಸದವನ್ನು ತೆಗೆದುಹಾಕಿ. ಶಾಲೆಯ ಯಂತ್ರವಾದರೆ ಗುರುಗಳನ್ನು ಕೇಳಿಯೇ ಮುಂದುವರಿಯಿರಿ.

ಎರಡನೆಯ ಎಚ್ಚರಿಕೆ, ಆಗಲೇ ಹೇಳಿದ ಅಂಕ ಹಾಕುವ ಕ್ರಮದ್ದು. ಅಲ್ಪವಿರಾಮಗಳನ್ನು ಎಣಿಸುವ ಯಂತ್ರಕ್ಕೆ ಪರೀಕ್ಷೆಯ ವೇಳಾಪಟ್ಟಿ ಲೇಖನದಂತೆ ಕಾಣುವುದಿಲ್ಲ. ಪಟ್ಟಿಗಳು, ಗಣಿತದ ಸೂತ್ರಗಳು, ಚಿತ್ರದ ಕೆಳಗಿನ ಬರಹ, ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇರುವ ಷರತ್ತು ಕೆಲವೊಮ್ಮೆ ಓದುವ ನೋಟದಲ್ಲಿ ಬಿಟ್ಟುಹೋಗುತ್ತವೆ. ದಿನಾಂಕ, ಶುಲ್ಕ, ನಿಯಮ ಇಂಥವು ಇರುವ ಪುಟವನ್ನು ಒಮ್ಮೆ ಮೂಲರೂಪದಲ್ಲಿಯೇ ನೋಡಿ. ಮೂರನೆಯ ಮಾತು ನ್ಯಾಯದ್ದು. ಅನೇಕ ಪತ್ರಿಕೆಗಳು ನಡೆಯುವುದು ಜಾಹೀರಾತಿನ ಹಣದಿಂದ. ಕಣ್ಣಿಗೆ ಹಿತವಾಗುವಂತೆ ಅಕ್ಷರ ಬದಲಿಸಿಕೊಳ್ಳುವುದು ನಿಮ್ಮ ಹಕ್ಕು. ಜೊತೆಗೆ, ನೀವು ಮೆಚ್ಚುವ ಒಂದು ಕನ್ನಡ ಪತ್ರಿಕೆಗೆ ಕೈಲಾದಾಗ ಚಂದಾದಾರರಾಗುವುದು ಒಳ್ಳೆಯದು. ಪುಟ ತೀರ ಕೆಟ್ಟದಾಗಿದ್ದರೆ ನಿಮ್ಮಷ್ಟಕ್ಕೆ ಸರಿಮಾಡಿಕೊಂಡು ಸುಮ್ಮನಾಗಬೇಡಿ. ಒತ್ತಕ್ಷರ ಕತ್ತರಿಸಿಹೋಗಿದೆ, ಸಾಲಿನ ಎತ್ತರ ಹೆಚ್ಚಿಸಿ ಎಂದು ಆ ಜಾಲತಾಣದವರಿಗೆ ನಾಲ್ಕು ಸಾಲು ಬರೆಯಿರಿ. ನಿಮ್ಮ ಎಕ್ಸ್‌ಟೆನ್ಷನ್ ನಿಮ್ಮೊಬ್ಬರ ಪರದೆಯನ್ನು ಸರಿಪಡಿಸುತ್ತದೆ. ನಿಮ್ಮ ಪತ್ರ ಎಲ್ಲರ ಪರದೆಯನ್ನು ಸರಿಪಡಿಸಬಹುದು.

ಮಿತ್ರರೆ, ಓದುಗನಿಗೆ ಅಕ್ಷರದ ಮೇಲೆ ಇಷ್ಟು ಅಧಿಕಾರ ಹಿಂದೆ ಎಂದೂ ಇರಲಿಲ್ಲ. ಈ ವಾರ ನೀವು ನಿತ್ಯ ನೋಡುವ ಒಂದು ಕನ್ನಡ ಪುಟವನ್ನು ತೆರೆದು, ಸಾಲಿನ ಎತ್ತರ ಮತ್ತು ಅಕ್ಷರದ ಗಾತ್ರ ಎರಡನ್ನು ಮಾತ್ರ ಬದಲಿಸಿ ಓದಿ ನೋಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಫೋನಿನಲ್ಲಿಯೂ ಮಾಡಿಕೊಡಿ. ಪತ್ರಿಕೆ ಓದುವುದನ್ನು ಬಿಟ್ಟಿದ್ದವರು ಮತ್ತೆ ಓದತೊಡಗಿದರೆ ಅದಕ್ಕಿಂತ ದೊಡ್ಡ ಫಲ ಬೇರೇನಿದೆ?